ನೀಲವ್ವನ ಚುರುಮುರಿ ಭಟ್ಟಿ

ನೀಲವ್ವನ ಮುಖದಲ್ಲಿ ಹುಬ್ಬುಗಳಿರಲಿಲ್ಲ. ಅಕ್ಕಿಆಲೂರಿನಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡಿದ್ದ ಅವಳ ಚುರುಮುರಿ ಭಟ್ಟಿಯ ಉರಿ ಅವನ್ನು ಎಂದೋ ತಿಂದುಹಾಕಿತ್ತು. ಕೇಳಿದರೆ, "ಇದ್ದು ಏನ್ ದುಡೀತಿದ್ವು ಅವು?" ಅನ್ನುತ್ತಿದ್ದಳು. ನನ್ನ ಅಕ್ಕ ಮಾತ್ರ, "ತೆಳ್ಳಗ ಇದ್ವು ಬಿಡೋ, ನೀ ಎಲ್ಲಾದಕ್ಕೂ ಕತಿ ಕಟ್ತಿ" ಅನ್ನುತ್ತಾಳೆ. ಇರಬಹುದು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಸಂಶಯಪಡುವುದನ್ನು. ನನ್ನ ನೆನಪಿಗೂ ಅದರಿಂದ ವಿನಾಯಿತಿ ಇಲ್ಲ.

ಅವಳ ಕೆಲಸದ ಬಗ್ಗೆ ಮಾತ್ರ ಸಂಶಯವಿಲ್ಲ. ಭತ್ತ ನೆನೆಸಿ, ಹುರಿದು, ಗಿರಣಿಯಲ್ಲಿ ಅಕ್ಕಿ ಮಾಡಿಸಿ ತರುವಳು. ಅದಕ್ಕೆ ಉಪ್ಪುನೀರು ಬೆರೆಸಿ ಆರಹಾಕಿ, ಆಮೇಲೆ ಬಾಣಲೆಯಲ್ಲಿ ಕಾದ ಕರಿ ಉಸುಕಿಗೆ ಬೊಗಸೆ ಬೊಗಸೆಯಾಗಿ ಎಸೆಯುವಳು. ಉರಿಗೆ ಅದೇ ಭತ್ತದ ಹೊಟ್ಟು. ಕಡ್ಡಿ ಪೊರಕೆ ಆಡಿಸುವಷ್ಟರಲ್ಲಿ ಕರಿ ಉಸುಕಿನೊಳಗಿಂದ ಬೆಳ್ಳಗೆ ಉಕ್ಕಿ ಬರುತ್ತಿತ್ತು. ಕೂಡಲೇ ಜರಡಿಗೆ ಹಾಕಬೇಕು, ತಡವಾದರೆ ಸೀದುಹೋಗುತ್ತದೆ.

ನಮ್ಮ ಕಡೆ ಹೆಣ ಒಯ್ಯುವಾಗ ದಾರಿಯುದ್ದಕ್ಕೂ ಚುರುಮುರಿ ತೂರುತ್ತಾರೆ. ಒಮ್ಮೆ ಅದಕ್ಕೆಂದು ಬಂದವನೊಬ್ಬ, "ಯಕ್ಕಾ, ತೂರಾಕ ಅಲ್ಲೇನು, ಅರಳದ ಗಟ್ಟಿ ಮಾಲು ಕೊಟ್ರೂ ನಡೀತೈತಿ" ಅಂದ.

"ಸತ್ತಾಂವ ತಿರುಗಿ ಬೈಯೂದಿಲ್ಲಂತ ಕಲ್ಲ ತೂರ್ತೀಯೇನೋ?" ಅಂದು, ಅಂದಿನ ಮೊದಲ ಜರಡಿಯದನ್ನೇ ಅವನ ಚೀಲಕ್ಕೆ ಸುರಿದಳು.

ಹೊಗೆಯಿಂದ ಅವಳ ಕೆಮ್ಮು ಹೆಚ್ಚಾದಾಗ ಮಗ ಈರಣ್ಣ ಗ್ಯಾಸಿನ ಯಂತ್ರ ತಂದ. ತಾಯಿ ಜಗ್ಗಲಿಲ್ಲ. ಕೊನೆಗೆ ಪಂತವಾಯಿತು. "ನಾಳಿ ಸಂತ್ಯಾಗ ಯಂತ್ರದ ಮಾಲು ಮೊದಲ ಖಾಲಿ ಆತಂದ್ರ ಭಟ್ಟಿ ಕೆಡವೂದು. ಒಪ್ಪಿಗಿನ, ಯವ್ವಾ?"

"ಆತು. ನಂದು ಮೊದಲ ಹೋತಂದ್ರ ನಿನ್ನ ಡಬ್ಬಿ ವಾಪಸ್."

ಯಂತ್ರದಿಂದ ಮೊದಲು ಬಂದ ಚುರುಮುರಿ ಹಲ್ಲು ಮುರಿಯುವಂತಿತ್ತು. ಈರಣ್ಣ ತಲೆಯ ಮೇಲೆ ಕೈಹೊತ್ತು ಕುಳಿತ. ಬೇಲಿಯಾಚೆಯಿಂದ ನಾನು, "ಸುಮ್ನಿದ್ದುಬಿಡಬೇ, ಗೆದ್ದಿ ನೀ" ಅಂದೆ.

"ಏನ್ ಗೆದ್ದೆ? ಯಂತ್ರದ್ದು ಕೆಟ್ಟೈತಿ ಅಂತ ಯಾರೂ ಅನ್ನೂದಿಲ್ಲೋ ತಮ್ಮಾ. ನೀಲವ್ವನ ಮನಿ ಮಾಲು ಕೆಟ್ಟೈತಿ ಅಂತಾರ." ಒಂದು ಕಾಳು ಕಡಿದು ನೋಡಿ ಮಗನತ್ತ ತಿರುಗಿದಳು. "ಅಕ್ಕಿ ಇನ್ನಾ ಹಸಿ ಐತಲ್ಲೋ, ಅವಸರಗೇಡಿ! ಬಿಸಲಾಗ ಹರವು ಏಳು."

ಸಂಜೆಯವರೆಗೆ ತಾನೇ ನಿಂತು ಯಂತ್ರದ ಉರಿ ತಗ್ಗಿಸಿ, ಏರಿಸಿ, ಮಾಲು ಅರಳಿಸಿದಳು. ಮರುದಿನ ಸಂತೆಯಲ್ಲಿ, ಚುರುಮುರಿ ಕಲಸಿ ಗಿರ್ಮಿಟ್ ಮಾರುವ ಅಂಗಡಿಯವರು ಯಂತ್ರದ ಚೀಲಗಳನ್ನೇ ಮೊದಲು ಎತ್ತಿದರು. ಅವಳ ಚೀಲವೊಂದು ಉಳಿಯಿತು. ಅವಳು ನಕ್ಕಳೆಂದು ನನ್ನ ನೆನಪು. ಅದನ್ನು ಪೂರ್ತಿ ನಂಬಲಾರೆ.

ಕೊನೆಯ ಸಲ ನಾನು ನೋಡಿದಾಗ ಭಟ್ಟಿಯ ಗೋಡೆ ಬಿದ್ದಿತ್ತು. ನೀಲವ್ವ ಬಾಣಲೆಯ ಉಸುಕನ್ನು ಚೀಲಕ್ಕೆ ತುಂಬುತ್ತಿದ್ದಳು. ಮಾಸೂರಿನಲ್ಲಿ ಯಾರೋ ಹುಡುಗಿ ಹೊಸದಾಗಿ ಭಟ್ಟಿ ಹಾಕಿದ್ದಾಳಂತೆ. ಹಾಲಿಗೆ ಹೆಪ್ಪು ಹಾಕಿದಂತೆ, ಹೊಸ ಭಟ್ಟಿಗೆ ಹಳೆಯದರ ಉಸುಕು ಬೆರೆಸುವುದು ಭಟ್ಟಿಯವರ ರೂಢಿ.

"ನಿಂತ್ ಏನ್ ನೋಡಾಕತ್ತಿ? ಚೀಲದ ಬಾಯಿ ಹಿಡಿ" ಅಂದಳು.

ಹಿಡಿದೆ. ಮುಂದಿನ ಸಲ ಊರಿಗೆ ಹೋಗುವಷ್ಟರಲ್ಲಿ ಅವಳಿರಲಿಲ್ಲ. ಒಲೆ ಆರಿ ಎಷ್ಟೋ ದಿನವಾಗಿದ್ದರೂ ಅಂದು ನನ್ನ ಕೈಮೇಲೆ ಸುರಿದ ಆ ಉಸುಕು ಬೆಚ್ಚಗಿತ್ತು. ಬಿಸಿಲಿಗಿರಬೇಕು.