ಸೆರಗಿಗೆ ಬಿದ್ದ ಪಾಲು

ಇತವಾರಿ ಪೇಟೆಯ ಸಂದಣಿಯಲ್ಲಿ ತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿಲ್ಲ! ಗುಂಡಿಯಲ್ಲಿ ಸಿಕ್ಕಿಬಿದ್ದ ಕಿತ್ತಳೆ ಗಾಡಿಯ ಹಗ್ಗ ಹಿಡಿದು ಹಮಾಲರ ಜೊತೆ ಎಳೆಯುತ್ತಿದ್ದಾರೆ.

ಎಂಬತ್ತರ ದಶಕ, ನನ್ನವರಿಗೆ ನಾಗಪುರದಲ್ಲಿ ರೈಲ್ವೆ ನೌಕರಿ. ಕುಂದಾಪುರದ ಕಡಲ ದಡದಲ್ಲೇ ಬದುಕಿದ ಅತ್ತೆ ದಸರೆಗೆಂದು ಬಂದವರು. ದಿನಾ ಬೆಳಿಗ್ಗೆ ತಾರಸಿಯಲ್ಲಿ ನಿಂತು ಆ ಒಣ ಗಾಳಿಗೆ ಮುಖ ಒಡ್ಡಿ, ಈಗ ಕಡಲು ಇಳಿದಿರುತ್ತದೆ, ನೀರು ತಿಳಿಯಾಗಿ ಬಂಗುಡೆ ದಡಕ್ಕೇ ಬರುತ್ತದೆ ಎನ್ನುತ್ತಿದ್ದರು.

ಗಾಡಿ ಮೇಲೆ ಬಂತು. ಹಮಾಲರು ಬೆವರು ಒರೆಸಿಕೊಂಡರು. ಅತ್ತೆ ಮಾತ್ರ ಸೆರಗು ಒಡ್ಡಿ ನಿಂತೇ ಇದ್ದರು. ನಾನು ಗಾಬರಿಯಿಂದ ಕೈ ಹಿಡಿದೆಳೆದರೆ, "ಹಗ್ಗಕ್ಕೆ ಕೈ ಹಾಕ್ದವ್ರಿಗೆ ಪಾಲಿಲ್ಯಾ?" ಎಂದು ನನ್ನನ್ನೇ ಕೇಳಿದರು.

ಊರಿನಲ್ಲಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ದಾರಿಹೋಕ ಹಗ್ಗಕ್ಕೆ ಕೈ ಹಾಕಿದರೂ ಅವನಿಗೊಂದು ಪಾಲು ಮೀನು ಉಂಟು. ನನ್ನ ಹರಕು ಹಿಂದಿಯಲ್ಲಿ ಗಾಡಿಯವನಿಗೆ ಅದನ್ನೇ ಹೇಳಿದೆ. ಅವನು ನಗಲಿಲ್ಲ. "ಬರೋಬರ್ ಆಹೆ, ಆಯಿ", ಸರಿಯೇ ತಾಯಿ, ಎಂದು ಮರಾಠಿಯಲ್ಲಿ ಒಪ್ಪುತ್ತಾ ಬೊಗಸೆ ತುಂಬ ಕಿತ್ತಳೆ ತೆಗೆದು ಸೆರಗಿಗೆ ಸುರಿದ. ಅತ್ತೆ ಒಂದನ್ನು ಎತ್ತಿ, ಮೀನಿನ ಕಿವಿರು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿ, ಮೂಸಿದರು.

ಅವರು ಊರಿಗೆ ಮರಳುವಷ್ಟರಲ್ಲಿ ಯಂತ್ರದ ದೋಣಿಗಳು ಬಂದು, ನಮ್ಮ ದಡದ ರಂಪಣಿ ಬಲೆ ಚಪ್ಪರದ ಮೂಲೆ ಸೇರಿತ್ತು. ಕಡಲ ಮಗಳಿಗೆ ಸಿಕ್ಕ ಕೊನೆಯ ಪಾಲು, ಕಡಲೇ ಇಲ್ಲದ ಊರಿನದು.