ಮೀನಿನ ತೊಟ್ಟಿಯ ರಬ್ಬರ್ ಬಳೆ

ಇವತ್ತು ಬೆಳಿಗ್ಗೆ ಚಹಾ ಆದ ಮೇಲೆ ಹಳೆಯ ಪಾತ್ರೆಯೊಂದರಲ್ಲಿ ಉಪ್ಪುನೀರು ಕಾಯಿಸಿ, ಅದರೊಳಗೆ ಒಂದು ರಬ್ಬರ್ ವಾಷರ್ ಹಾಕಿಟ್ಟೆ. ಹೊಸ ರಬ್ಬರಿನ ವಾಸನೆ ಮನೆಯೆಲ್ಲ ತುಂಬಿತು. ನೀವು ಆ ಹೊತ್ತಿಗೆ ಬಂದಿದ್ದರೆ, ಈಕೆ ಇದೆಂಥ ಸಾರು ಕುದಿಸುತ್ತಿದ್ದಾಳೆ ಎಂದು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದಿರಿ. ನನಗೆ ಮಾತ್ರ ಆ ವಾಸನೆ ಬಂದರೆ ನನ್ನ ನಾದಿನಿ ಮಹಾದೇವಿ ನೆನಪಾಗುತ್ತಾಳೆ. ಅವಳು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಊದಿನಕಡ್ಡಿಯ ವಾಸನೆಗೆ ನೆನಪಾಗಬೇಕಾದಂಥ ಹೆಣ್ಣುಮಗಳು ರಬ್ಬರಿಗೆ ನೆನಪಾಗುತ್ತಾಳೆ, ಏನು ಮಾಡುವುದು!

ರಾಯಚೂರಿನಲ್ಲಿ ನಾವಿರುವುದು ಬಾಡಿಗೆಯ ಮಹಡಿ ಮನೆ. ಮಾವನವರು ದೇವದುರ್ಗದ ಕಡೆಯ ಹಳ್ಳಿಯಲ್ಲಿ ಜೀವಮಾನವೆಲ್ಲ ಕುರಿ ಕಾಯ್ದವರು. ಮೊಣಕಾಲು ಹಿಡಿದುಕೊಂಡ ಮೇಲೆ ಹಿಂಡನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ನಮ್ಮಲ್ಲಿಗೆ ಬಂದರು. ಬಯಲಲ್ಲಿ ಬೆಳೆದ ಜೀವ. ನಾಲ್ಕು ಗೋಡೆಯ ನಡುವೆ ಬಾಡಿಹೋಯಿತು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ಆಗಲೇ ನಮ್ಮ ಮನೆಯವರ ಸ್ನೇಹಿತರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ದೊಡ್ಡ ಮೀನಿನ ತೊಟ್ಟಿಯನ್ನು ನಮಗೆ ಕೊಟ್ಟುಹೋದರು.

ಮಾವನವರು ಮೊದಲು ಮೂಗು ಮುರಿದರು. "ತಿನ್ನಾಕಿಲ್ಲ, ಕುರಿಯಂಗ ಉಣ್ಣಿ ಕತ್ತರಸಾಕಿಲ್ಲ. ಇವನ್ನ ಯಾಕ ಸಾಕ್ತೀರಿಬೇ?"

ಸ್ವಲ್ಪ ದಿನಕ್ಕೇ ತೊಟ್ಟಿಯ ಮುಂದೆ ಗೋಣಿತಾಟು ಹಾಸಿಕೊಂಡು ಕೂತರು. ನನ್ನ ಕಣ್ಣಿಗೆ ಎಲ್ಲ ಮೀನೂ ಒಂದೇ ಥರ. ಅವರಿಗೆ ಒಂದೊಂದರ ನಡತೆಯೂ ಗೊತ್ತು. "ಆ ಕೆಂಪಂದು ನೋಡವ್ವಾ, ಹೋತಿನ ಬುದ್ಧಿ. ಮಂದಿ ಪಾಲಿಂದೆಲ್ಲ ತಾನಾ ತಿಂತದ." ಹೀಗೆ ಹೇಳುತ್ತ ಹೇಳುತ್ತ ತಮ್ಮ ಪಾಲಿನ ರೊಟ್ಟಿ ಮುಗಿಸುತ್ತಿದ್ದರು. ನಾನು ಒಳಗೆ ಹೋಗಿ ಮನೆದೇವರು ಬೀರಪ್ಪನಿಗೆ ಕೈಮುಗಿದೆ. ಮುದುಕರ ಹೊಟ್ಟೆಗೆ ಅನ್ನ ಹೋಗುವುದು ಸಣ್ಣ ವರವೇನಲ್ಲ.

ಆ ತೊಟ್ಟಿಯ ತಳದ ಗಾಜಿಗೆ ಒಂದು ತೂತು. ಅಲ್ಲಿಂದ ಪೈಪೊಂದು ಸ್ಟ್ಯಾಂಡಿನೊಳಗಿನ ಫಿಲ್ಟರ್ ಡಬ್ಬಿಗೆ ಇಳಿಯುತ್ತದೆ. ಆ ಪೈಪಿನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ನಮ್ಮ ಕಣ್ಣಿಗೆ ಕಂಡದ್ದು ಒಂದೊಂದೇ ಹನಿ. ಕೆಳಗಿನ ಮನೆಯ ಮಾಳಿಗೆ ನೆನೆದು ಸೋರಲು ಅಷ್ಟೇ ಸಾಕಾಯಿತು. ಮನೆಯೊಡತಿ ಶರಣಮ್ಮನವರು ಮೆಟ್ಟಿಲು ಹತ್ತಿ ಬಂದರು.

"ನೋಡ್ರಿ, ನಾ ಜಗಳಕ್ಕ ಬಂದಿಲ್ಲ. ನಿಮ್ಮ ಮೀನ ತೊಳದ ನೀರು ನನ್ನ ಲಿಂಗದ ಮ್ಯಾಲ ಬೀಳೋದು ಸರಿ ಏನ್ರಿ? ಐತವಾರದೊಳಗ ಸೋರೋದು ನಿಲ್ಲಬೇಕು, ಇಲ್ಲಾ ತೊಟ್ಟಿ ಹೋಗಬೇಕು."

ನನ್ನ ದೇವರ ಜಗಲಿಯ ಮೇಲೆ ಬಿದ್ದಿದ್ದರೆ ನಾನು ಭಾನುವಾರದವರೆಗೆ ಕಾಯುತ್ತಿರಲಿಲ್ಲ.

ನಮ್ಮ ಮನೆಯವರು ನಟ್ಟು ತಿರುಗಿಸುವ ಪಾನಾ ಹಿಡಿದರು. ಹನಿ ಕಾಣುತ್ತಿದ್ದದ್ದು ಕೆಳಗೆ ಪೈಪು ಬಾಗುವ ಮೊಣಕೈಯಲ್ಲಿ. ಅಲ್ಲಿಗೆ ಟೇಪು ಸುತ್ತಿದರು, ಬಿಗಿದರು, ಮತ್ತೆ ಸುತ್ತಿದರು. ಕಡೆಗೆ ಅದು ಮುರಿದ ಕೈಗೆ ಕಟ್ಟು ಹಾಕಿದಂತಾಯಿತು, ಹನಿ ನಿಲ್ಲಲಿಲ್ಲ. ಶನಿವಾರ ಮಾವನವರು ಕಂಬಳಿ ಮಡಚಿ ಗಂಟು ಕಟ್ಟಿದರು.

"ತೊಟ್ಟಿ ಹೋದ್ರ ನಾನೂ ಊರಿಗೆ ಹೋಗ್ತೀನಿ."

ಊರಲ್ಲಿ ಅವರನ್ನು ನೋಡುವವರು ಯಾರು? ತಮ್ಮನ ಮಕ್ಕಳು ಹಿಂಡಿನ ಹಿಂದೆ ಅಲೆಯುವವರು. ಆ ಕಾಲಿನಲ್ಲಿ ನೀರಿನ ಕೊಡ ಎತ್ತಲೂ ಆಗದು. ನಾನು ಬೀರಪ್ಪನಿಗೆ ಕಾಯಿ ಹರಕೆ ಹೊತ್ತೆ. ಬೀರಪ್ಪ ಭಾನುವಾರ ಬೆಳಿಗ್ಗೆ ಮಾನ್ವಿ ಬಸ್ಸಿನಲ್ಲಿ ನನ್ನ ನಾದಿನಿಯನ್ನು ಕಳಿಸಿದ.

ಮಹಾದೇವಿ ಬಂದವಳೇ ಅಣ್ಣನ ಕೈಯಿಂದ ಪಾನಾ ಇಸಿದುಕೊಂಡು ಬದಿಗಿಟ್ಟಳು. "ಅಣ್ಣಾ, ಅದು ಪ್ಲಾಸ್ಟಿಕ್ ಅದ. ಬೋರಿನ ಪೈಪ್ ಅಲ್ಲ. ಭಾಳ ಬಿಗದ್ರ ಸೀಳ್ತದ." ಹಳೆಯ ಸೀರೆಯ ಚೂರಿನಿಂದ ಪೈಪನ್ನು ಒಂದು ಪಸೆಯೂ ಇಲ್ಲದಂತೆ ಒರೆಸಿದಳು. ಆಮೇಲೆ ತಂದೆಯ ಮುಂದೆ ಕೂತು, "ಯಪ್ಪಾ, ಒಂದೀಟು ಭಂಡಾರ ಕೊಡು" ಅಂದಳು.

ದೇವರ ಅರಿಶಿನ ಪೈಪಿಗೆ! ಮಾವನವರು ಸೊಂಟದ ಚೀಲ ಬಿಚ್ಚುತ್ತ, "ಕುರಿಗೆ ಹಚ್ಚಿದ್ದು ಮೀನಿಗಿ ಬ್ಯಾಡೇನು?" ಅಂದರು.

ಅವಳು ಪೈಪಿನ ಉದ್ದಕ್ಕೂ ಭಂಡಾರ ಸವರಿದಳು. ಎಲ್ಲರೂ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಮೊಣಕೈಯ ಹತ್ತಿರ ಪುಡಿ ಒಣಗೇ ಇತ್ತು. ಮೇಲೆ, ಗಾಜಿಗೆ ಅಂಟಿದ ನಟ್ಟಿನ ಅಂಚಿನಲ್ಲಿ, ಹಳದಿ ಕಪ್ಪಾಯಿತು. ಅಲ್ಲಿಂದ ಒಂದು ಗೆರೆ ಕೆಳಗಿಳಿಯಿತು. ಸೋರುವುದು ಅಲ್ಲಿ, ಹನಿಯುವುದು ಇಲ್ಲಿ.

ಮೀನುಗಳನ್ನು ಬಕೆಟ್ಟಿಗೆ ಇಳಿಸಿ, ತೊಟ್ಟಿ ಖಾಲಿ ಮಾಡಿ, ನಟ್ಟು ಬಿಚ್ಚಿದರೆ ವಾಷರ್ ಗಾಜಿನ ಹೊರಗಡೆ, ನಟ್ಟಿನ ಬದಿಗೆ ಕೂತಿತ್ತು. ಅದು ಒಳಗೆ, ನೀರಿನ ಬದಿಗೆ ಇರಬೇಕಂತೆ. ಹೊರಗಿದ್ದರೆ ನೀರು ನಟ್ಟಿನ ಸುತ್ತುಗಳಲ್ಲಿ ಜಾರಿ ಇಳಿಯುತ್ತದಂತೆ.

"ಇದನ್ನ ಹೊರಗ ಹಾಕಿದವರು ಯಾರು?" ಎಂದಳು ಮಹಾದೇವಿ.

ನಮ್ಮ ಮನೆಯವರು ತಂದೆಯ ಮುಖ ನೋಡಿದರು. ಮಾವನವರು ಫ್ಯಾನು ನೋಡಿದರು. ಕಡೆಗೆ ತಾವೇ ಹೇಳಿದರು: "ಹೊಸಾ ವಾಷರ್ ಹಾಕುವಾಗ ಹೊರಗ ಇರಲಿ ಅಂತ ನಾನಾ ಹೇಳಿದ್ನಿ. ರಬ್ಬರ್ ವಾಸನಿ ಬಡದ ನೀರಿಗೆ ಕುರಿ ಬಾಯಿ ಹಚ್ಚಂಗಿಲ್ಲ. ಪಾಪ, ಮೀನು ಬ್ಯಾರೆ ನೀರಿಗೆ ಎಲ್ಲಿ ಹೋಗ್ತಾವು?"

ನಾನಾಗಿದ್ದರೆ ನಕ್ಕುಬಿಡುತ್ತಿದ್ದೆ. ಟೀಚರು ಪಾಠ ಶುರುಮಾಡುತ್ತಾಳೆ ಎಂದುಕೊಂಡೆ. ಅವಳು ಎರಡೂ ಮಾಡಲಿಲ್ಲ. "ಖರೆ ಅದ ಯಪ್ಪಾ" ಎಂದು ಎದ್ದು ಉಪ್ಪುನೀರು ಕಾಯಿಸಿ ವಾಷರ್ ಹಾಕಿದಳು. ತೆಗೆದು ತಂದೆಯ ಮೂಗಿಗೆ ಹಿಡಿದಳು. ಅವರು ತಲೆ ಅಲ್ಲಾಡಿಸಿದರು. ನೀರು ಬದಲಿಸಿ ಮತ್ತೆ ಕಾಯಿಸಿದಳು. ಮತ್ತೆ ಮೂಗು, ಮತ್ತೆ ಇಲ್ಲ. ಕೆಳಗೆ ಶರಣಮ್ಮನವರ ಗಡುವು ಮುಗಿಯುತ್ತ ಬಂದಿತ್ತು. ಅಷ್ಟಾದರೂ, ಅವರು "ಹಂ, ಈಗ ಹಾಕು" ಅನ್ನುವವರೆಗೆ ಆ ಹುಡುಗಿ ವಾಷರನ್ನು ಒಳಗೆ ಕೂರಿಸಲಿಲ್ಲ.

ಆಮೇಲೆ ಗಾಜು ಒರೆಸಿ, ನಟ್ಟನ್ನು ಬರಿಗೈಯಲ್ಲಿ ತಿರುಗಿಸಿ, ತಡೆ ಸಿಕ್ಕ ಮೇಲೆ ಒಂದೇ ಒಂದಿಷ್ಟು ಬಿಗಿದಳು. ನೀರು ತುಂಬಿದೆವು. ಕೆಳಗೆ ಹಾಸಿದ ಪೇಪರು ಸಂಜೆಯವರೆಗೂ ಒಣಗೇ ಇತ್ತು. ಶರಣಮ್ಮನವರು ಬಂದು ಬೆರಳಲ್ಲಿ ಮುಟ್ಟಿ ನೋಡಿದರು. "ಹಂಗಾದ್ರ ಇರವಲ್ದ್ಯಾಕ, ತೊಟ್ಟಿ ಇರಲಿ ಬಿಡ್ರಿ" ಅಂದರು. ಮಾವನವರ ಗಂಟು ಬಿಚ್ಚಿ ಕಂಬಳಿ ಕೊಡವಿದವಳು ನಾನೇ.

ಇದಾಗಿ ವರ್ಷಗಳಾದವು. ಆ ವಾಷರ್ ಈಗ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ನಮ್ಮ ಮನೆಯವರು ಕೆಲಸದ ಮೇಲೆ ಸಿರವಾರಕ್ಕೆ ಹೋಗಿದ್ದಾರೆ. ಮಹಾದೇವಿ ಫೋನಿನಲ್ಲಿ, "ಅತ್ತಿಗಿ, ನಾ ಬರ್ಲೇನು?" ಅಂದಳು. "ಬ್ಯಾಡವ್ವಾ, ಹೊಸಾದು ನಾನಾ ಹಾಕ್ತೀನಿ" ಅಂದುಬಿಟ್ಟೆ. ಒಲೆಯ ಮುಂದಷ್ಟೇ ಧೈರ್ಯವಿದ್ದ ನಾನು ಇವತ್ತು ತೊಟ್ಟಿಯ ಕೆಳಗೆ ಅಂಗಾತ ಮಲಗಿದ್ದೇನೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ನಟ್ಟು ಬೆರಳಿಗೆ ತಡೆಯುತ್ತಿದೆ. ಇನ್ನಷ್ಟು ತಿರುಗಿಸಲೇ ಎಂದು ಕೈ ಆಸೆಪಡುತ್ತಿದೆ, ಬೇಡ ಎಂದು ನಿಲ್ಲಿಸಿದ್ದೇನೆ.

ಮಾವನವರು ಮೀನಿನ ಬಕೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದಾರೆ. ಮೀನುಗಳು ಗಾಬರಿಯಿಂದ ಸುತ್ತುತ್ತಿರಬೇಕು. ಅವರು ಮೆಲ್ಲಗೆ ಸಮಾಧಾನ ಹೇಳುತ್ತಿರುವುದು ನನಗೆ ಕೇಳಿಸುತ್ತಿದೆ.

"ಹೆದರಬ್ಯಾಡ್ರಿ. ನಿಮ್ಮ ಹಟ್ಟಿ ಎಲ್ಲಿಗೂ ಹೋಗಂಗಿಲ್ಲ."