ಅವ್ವನಿಗೆ ಕ್ಷಯವಿರಲಿಲ್ಲ

ಮನೆಯಲ್ಲಿ ಬೀಡಿ ಸೇದುತ್ತಿದ್ದವನು ಅಪ್ಪ. ಉಸಿರು ಕಟ್ಟಿ, ತುಂಬಿದ ಕೊಡದ ಸಮೇತ ಬಾವಿಕಟ್ಟೆಯ ಮೇಲೆ ಕುಸಿದವಳು ಅವ್ವ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದುವೆ ವಯಸ್ಸಿಗೆ ಬಂದಿದ್ದೆ.

ಧರ್ಮಪುರದ ಹತ್ತಿರ ನಮ್ಮದು ಮಣ್ಣಿನ ಮಾಳಿಗೆ ಮನೆ. ಅಡುಗೆಕೋಣೆಗೆ ಕಿಟಕಿ ಇರಲಿಲ್ಲ. ಕುಳ್ಳು, ತೊಗರಿಕಡ್ಡಿ, ಶೇಂಗಾ ಸಿಪ್ಪೆ ಹಾಕಿ ಊದಿ ಊದಿ ಅವ್ವ ಮುದ್ದೆ ತೊಳಸುತ್ತಿದ್ದಳು. ವರ್ಷಗಳಿಂದ ಕೆಮ್ಮುತ್ತಿದ್ದಳು. ಒಲೆ ಮುಂದೆ ಕೂರುವ ಹೆಂಗಸರೆಲ್ಲ ಕೆಮ್ಮುತ್ತಿದ್ದರಿಂದ ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ.

ಕುಸಿದ ಮೇಲೆ ಅಜ್ಜಿ ನನ್ನನ್ನು ಕರೆದು, "ಇದು ಕ್ಷಯನೇ. ಅವಳ ತಟ್ಟೆ, ಲೋಟ ಬ್ಯಾರೆ ಇಡವ್ವ" ಅಂದಳು. ಅವ್ವನ ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು. ಬೇಡ ಅನ್ನುವಷ್ಟು ಉಸಿರೂ ಅವ್ವನಿಗೆ ಇರಲಿಲ್ಲ.

ಚಿತ್ರದುರ್ಗದ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಎದೆಯ ಫೋಟೊ ನೋಡಿ, "ಕ್ಷಯ ಅಲ್ಲಮ್ಮ. ಒಲೆಗೆ ಏನ್ ಹಾಕ್ತೀರಿ?" ಎಂದು ಕೇಳಿದರು. ಅವ್ವ ಹೇಳಿದಳು.

"ಹೊಗೆ ಕುಡಿದೂ ಕುಡಿದೂ ಶ್ವಾಸಕೋಶ ಕೆಟ್ಟಿದೆ. ಕೆಟ್ಟಿದ್ದು ಸರಿಯಾಗಲ್ಲ. ಹೊಗೆಯಿಂದ ದೂರ ಇದ್ರೆ, ಉಳಿದಿದ್ದು ಬೇಗ ಕೆಡಲ್ಲ" ಅಂದರು ಡಾಕ್ಟರು.

"ಬೀಡಿ ಸೇದೋನು ನಾನು, ನನಗೇನೂ ಆಗಿಲ್ವಲ್ರಿ?" ಅಂದ ಅಪ್ಪ.

"ನಿಮಗೂ ಬರಬಹುದು. ನಿಮ್ಮ ಬೀಡಿ ಹೊಗೆನೂ ಅವರೇ ಕುಡಿದಿದಾರೆ."

ಊರಿಗೆ ಬಂದವನೇ ಅಪ್ಪ ಕೊಟ್ಟಿಗೆಯ ಹಾಸಿಗೆಯನ್ನು ತಾನೇ ಒಳಗೆ ತಂದ. ಹಿತ್ತಲಲ್ಲಿ ಚಪ್ಪರ ಹಾಕಿ ಒಲೆ ಹೂಡಿದ. ಬೀಡಿ ಮಾತ್ರ ಬಿಡಲಾಗಲಿಲ್ಲ. ಹೊಲಕ್ಕೆ ಹೋಗಿ ಸೇದುತ್ತಿದ್ದ.

ಅವ್ವ ಎರಡು ಬೇಸಿಗೆ ಕಂಡಳು. ಮಾಗಿಯ ಚಳಿಗೆ ಎದೆಯಲ್ಲಿ ಕಫ ಕಟ್ಟಿತು. ಮಲಗಲಾಗದೆ, ಗೋಡೆಗೆ ಒರಗಿ ಕೂತಲ್ಲೇ ಹೋದಳು.

ವರ್ಷ ತುಂಬಿದ ಮೇಲೆ ಹಿರಿಯೂರಿನ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗನ ಸೋದರಮಾವ ಕೇಳಿದ: "ತಾಯಿ ಕ್ಷಯದಾಗೆ ಹೋದ್ರಂತೆ?"

"ಕ್ಷಯ ಅಲ್ರಿ," ಅಪ್ಪ ಅಂದ. "ಒಲೆ ಹೊಗೆ."

"ನಮ್ಮನೆ ಹೆಂಗಸ್ರೂ ಒಲೆ ಹಚ್ತಾರೆ, ಗೌಡ್ರೆ. ಹೊಗೆಗೆ ಯಾರಾದ್ರೂ ಸಾಯ್ತಾರಾ?"

ಅಪ್ಪ ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳತೊಡಗಿದ. ಹೇಳುತ್ತ ಅವನಿಗೇ ಕೆಮ್ಮು ಬಂತು. ನಿಲ್ಲಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏಳ್ರಿ, ಹೋಗಾಣ" ಎಂದು ಸೋದರಮಾವ ಹೆಗಲಿಗೆ ಟವೆಲ್ಲು ಹಾಕಿಕೊಂಡ.